ಭಾನುವಾರ ದೊಡ್ಡಣ್ಣನ ನೆನಪಿಗೆ

ಎಲ್ಲರಿಗೂ ನಮಸ್ಕಾರ. ನಮ್ಮ ಅರಸೀಕೆರೆ ದೊಡ್ಡಣ್ಣನ ವರ್ಷದ ಕಾರ್ಯ ಇದೇ ಭಾನುವಾರ. ಬೆಳಿಗ್ಗೆ 10ಕ್ಕೆ ಮನೆಯಲ್ಲಿ ಪೂಜೆ, ಆಮೇಲೆ ಊಟ. ಸಂಜೆ 4ಕ್ಕೆ ಅವರು ಆಡುತ್ತಿದ್ದ ಮೈದಾನದಲ್ಲೇ ಟೆನಿಸ್ ಬಾಲ್ ಕ್ರಿಕೆಟ್ ಮ್ಯಾಚ್. ಅವರಿಗೆ ಪೂಜೆಗಿಂತ ಇದೇ ಜಾಸ್ತಿ ಇಷ್ಟ ಅಂತ ಅತ್ತಿಗೆಯೇ ಹೇಳಿದರು.

1999ರಲ್ಲಿ ಕೋಲ್ಕತ್ತದಲ್ಲಿ ಪಾಕಿಸ್ತಾನದ ವಿರುದ್ಧ ನಮ್ಮ ಜಾವಗಲ್ ಶ್ರೀನಾಥ್ 86 ರನ್ನಿಗೆ 8 ವಿಕೆಟ್ ತೆಗೆದಿದ್ದರಲ್ವಾ? ಆ ಪೇಪರ್ ಕಟಿಂಗ್ ಇವತ್ತಿಗೂ ದೊಡ್ಡಣ್ಣನ ಬೀರುವಿನಲ್ಲಿದೆ, ಮಕ್ಕಳ ಮಾರ್ಕ್ಸ್ ಕಾರ್ಡಿನ ಜೊತೆಗೇ ಮಡಿಸಿಟ್ಟಿದ್ದಾರೆ. "ಜಾವಗಲ್ ನಮ್ಮ ತಾಲ್ಲೂಕು ಕಣೋ" ಅನ್ನುವಾಗ ಅವರ ಮುಖ ನೋಡಬೇಕಿತ್ತು.

ಅವರ ಜೊತೆ ಆಡಿದ ಫೋಟೊ ಇದ್ದರೆ ಇಲ್ಲೇ ಹಾಕಿ. ಎಷ್ಟು ಜನ ಬರುತ್ತೀರಿ ಅಂತ ಶುಕ್ರವಾರದೊಳಗೆ ತಿಳಿಸಿ, ಅಡುಗೆಯವರಿಗೆ ಹೇಳಬೇಕು. ಹಾರ ಬೇಡ. ಬೀದಿ ಹುಡುಗರಿಗೆ ಒಂದು ಚೆಂಡು ತನ್ನಿ, ಸಾಕು.