ಕೈ ಮರೆತುಬಿಟ್ಟಿದ್ದರೆ ಎಂದು ಕೇಳಿದ್ದೀಯ

ಶಿವಮೊಗ್ಗ
ಭಾನುವಾರ ಬೆಳಿಗ್ಗೆ

ಪ್ರೀತಿಯ ಪುಟ್ಟಿ,

ನಿನ್ನ ಕಾಗದವನ್ನು ಮೂರು ಸಲ ಓದಿದೆ. ಕೆನಡಾದ ಬ್ರಾಂಪ್ಟನ್ನಿನ ಚಳಿ, ಮನೆ ಬಾಡಿಗೆ, ಅಳಿಯಂದಿರ ಹೊಸ ಕೆಲಸ, ಅದೆಲ್ಲ ನಿನ್ನಪ್ಪ ಆಗಲೇ ಹೇಳಿದ್ದ. ಕೊನೆಯಲ್ಲಿ ಒಂದು ಸಾಲು ಬರೆದು ಹೊಡೆದುಹಾಕಿದ್ದೀಯ. ಬೆಳಕಿಗೆ ಹಿಡಿದು ನೋಡಿದೆ, ಓದಲು ಬಂತು. 'ದೊಡ್ಡಪ್ಪ, ಹಲ್ಲು ಕೊರೆಯುವ ಏರೋಟರ್ ಹಿಡಿದು ಮೂರು ವರ್ಷ ಆಯ್ತು. ಕೈ ಮರೆತುಬಿಟ್ಟಿದ್ದರೆ?' ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಅಲ್ಲಿ ಹಲ್ಲಿನ ಡಾಕ್ಟರಾಗಲು ಬೇಕಾದ ಪರೀಕ್ಷೆಗಳಲ್ಲಿ ಎಎಫ್‌ಕೆ, ಎಸಿಜೆ ಎರಡನ್ನೂ ಪಾಸು ಮಾಡಿದ್ದೀಯ. ಆಗ ನೀನು ಹೆದರಿರಲಿಲ್ಲ. ಅವು ಓದಿ ಬರೆಯುವ ಪರೀಕ್ಷೆ, ಓದುವುದು ನಿನಗೆ ಯಾವತ್ತೂ ಕಷ್ಟವಾಗಲಿಲ್ಲ. ಈಗ ಮುಂದಿರುವುದು ಎನ್‌ಡಿಇಸಿಸಿ, ಕೈಕೆಲಸದ ಪರೀಕ್ಷೆ. ಒಟ್ಟಾವಕ್ಕೆ ಹೋಗಿ, ಬೊಂಬೆಯ ಬಾಯಲ್ಲಿರುವ ಪ್ಲಾಸ್ಟಿಕ್ ಹಲ್ಲನ್ನು ಕೊರೆದು ತೋರಿಸಬೇಕು. ಅಲ್ಲಿ ಕೈಯೇ ಉತ್ತರ ಬರೆಯಬೇಕು. ನಿನ್ನ ಹೆದರಿಕೆ ಅದಕ್ಕೇ ಎಂದು ನನಗೆ ಗೊತ್ತಾಯಿತು.

ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್, ಆಮೇಲೆ ದಾವಣಗೆರೆಯಲ್ಲಿ ಅಷ್ಟು ಜನರ ಹಲ್ಲು ನೋಡಿದವಳು ನೀನು. ಈಗ ಇನ್ನೊಬ್ಬರ ಕ್ಲಿನಿಕ್ಕಿನ ಮುಂದಿನ ಮೇಜಿನಲ್ಲಿ ಕೂತು ಅಪಾಯಿಂಟ್‌ಮೆಂಟ್ ಬರೆಯುತ್ತೀಯ. ಒಳಗಿನಿಂದ ಏರೋಟರ್ ಸದ್ದು ಕೇಳಿಸುತ್ತಿರುತ್ತದೆ. ಅಮೆರಿಕದಲ್ಲೋ ಆಸ್ಟ್ರೇಲಿಯಾದಲ್ಲೋ ಐರ್ಲೆಂಡಿನಲ್ಲೋ ಮಾನ್ಯತೆ ಇರುವ ಕಾಲೇಜಿನಲ್ಲಿ ಓದಿದವರಿಗೆ ಈ ಸುತ್ತುದಾರಿ ಇಲ್ಲವಂತೆ, ನಮ್ಮ ಬಿಡಿಎಸ್‌ಗೆ ಇದೆ. ಬಾಯಿ ಎಲ್ಲ ಕಡೆ ಒಂದೇ ಅಲ್ವಾ? ನನಗೆ ಇದು ಸರಿ ಅನ್ನಿಸುವುದಿಲ್ಲ. ಇರಲಿ, ನನಗೆ ಸರಿ ಅನ್ನಿಸದಿದ್ದರೆ ನಿನ್ನ ಪರೀಕ್ಷೆ ತಪ್ಪುವುದಿಲ್ಲ.

ಕೈ ಮರೆಯುವ ವಿಷಯಕ್ಕೆ ಬರುತ್ತೇನೆ. ಇದನ್ನು ನಾನು ಮನೆಯಲ್ಲಿ ಯಾರಿಗೂ ಹೇಳಿಲ್ಲ. ನಿನ್ನ ದೊಡ್ಡಮ್ಮನಿಗೂ ಹೇಳಲಿಲ್ಲ.

ನಾನು ಕುವೈತಿಗೆ ಹೋದದ್ದು, 1990ರಲ್ಲಿ ಇರಾಕಿನ ಸೇನೆ ಬಂದದ್ದು, ಜೋರ್ಡಾನಿನ ಅಮ್ಮಾನ್‌ನಿಂದ ವಿಮಾನದಲ್ಲಿ ಬೊಂಬಾಯಿಗೆ ಬಂದದ್ದು, ಇವೆಲ್ಲ ನೀನು ಸಣ್ಣವಳಿದ್ದಾಗಿನಿಂದ ಕೇಳಿದ ಕಥೆ. ಅಲ್ಲಿ ನಕ್ಷೆ ಬರೆಯುವ ಡ್ರಾಫ್ಟ್ಸ್‌ಮನ್ ಆಗಿದ್ದೆ ಎಂದು ನೀವೆಲ್ಲ ತಿಳಿದಿದ್ದೀರಿ. ಇಲ್ಲ ಪುಟ್ಟಿ. ನನ್ನ ಡಿಪ್ಲೊಮಾ ಸಾಲದು ಎಂದು ಅಲ್ಲಿನವರು ಸ್ಟೋರಿಗೆ ಹಾಕಿದರು. ಹನ್ನೊಂದು ವರ್ಷ ಪೈಪು, ಬೋಲ್ಟು, ವಾಲ್ವು ಎಣಿಸಿದೆ. ಮೊದಲನೇ ರಜೆಗೆ ಬಂದಾಗ ನನ್ನ ಡ್ರಾಯಿಂಗ್ ಪೆಟ್ಟಿಗೆಯನ್ನು ಅಟ್ಟದ ಮೇಲೆ ಇಟ್ಟು ವಾಪಸು ಹೋದೆ. ಪುರುಸೊತ್ತು ಇರಲಿಲ್ಲ ಎಂದಲ್ಲ, ಶುಕ್ರವಾರ ಪೂರ್ತಿ ರಜ. ಆ ಪೆಟ್ಟಿಗೆ ಕಣ್ಣಿಗೆ ಬಿದ್ದರೆ ಸಂಕಟವಾಗುತ್ತಿತ್ತು, ಅಷ್ಟೇ.

1991ರಲ್ಲಿ ಇಲ್ಲೇ ಹತ್ತಿರದ ಒಂದು ಕಾರ್ಖಾನೆಯವರು ಡ್ರಾಫ್ಟ್ಸ್‌ಮನ್ ಕೆಲಸಕ್ಕೆ ಕರೆದಿದ್ದರು. ಒಂದು ಹಾಳೆ ಕೊಟ್ಟು ಫ್ಲ್ಯಾಂಜಿನ ನಕ್ಷೆ ಬರೆಯಲು ಹೇಳಿದರು. ಪಾಲಿಟೆಕ್ನಿಕ್ಕಿನ ಮೊದಲನೇ ವರ್ಷದ ಹುಡುಗರು ಬರೆಯುವಂಥದ್ದು. ಕಂಪಾಸಿನಲ್ಲಿ ಅರ್ಧ ವೃತ್ತ ಎಳೆದೆ. ಅದಕ್ಕೆ ನೇರ ಗೆರೆ ಸೇರಿಸಲು ಹೋದರೆ ಕೂಡಲೇ ಇಲ್ಲ. ಅಳಿಸಿದೆ, ಮತ್ತೆ ಎಳೆದೆ. ಬೆವರಿನ ಹನಿ ಹಾಳೆಗೆ ಬಿತ್ತು. ಟೈಮು ಮುಗಿಯುವ ಮೊದಲೇ ಎದ್ದು ಬಂದೆ. ಸಂಬಳ ಕಮ್ಮಿ, ಅದಕ್ಕೆ ಒಲ್ಲೆ ಅಂದೆ ಎಂದು ಮನೆಯಲ್ಲಿ ಸುಳ್ಳು ಹೇಳಿದೆ. ಇವತ್ತಿಗೂ ಎಲ್ಲರೂ ಅದನ್ನೇ ನಂಬಿದ್ದಾರೆ.

ಆಮೇಲೆ ಆರು ತಿಂಗಳಿಗೆ ನಿನ್ನ ಅಣ್ಣನ ಶಾಲೆಯಲ್ಲಿ ವಸ್ತುಪ್ರದರ್ಶನ ಬಂತು. ಲಿಂಗನಮಕ್ಕಿ ಅಣೆಕಟ್ಟಿನ ನಕ್ಷೆ ಬರೆದುಕೊಡು ಎಂದು ಹಟ ಹಿಡಿದ. ಪೆಟ್ಟಿಗೆ ಕೆಳಗಿಳಿಸಿದೆ. ಮೊದಲ ರಾತ್ರಿ ಅದೇ ನಡುಗುವ ಗೆರೆ. ಎರಡನೇ ರಾತ್ರಿಯೂ ಹಾಗೇ. ಮಗು ಕಾಯುತ್ತಿದೆಯಲ್ಲ ಎಂದು ಕೂತೆ. ನಾಲ್ಕನೇ ರಾತ್ರಿ, ಹನ್ನೊಂದು ಗಂಟೆ ಇರಬೇಕು, ಪೆನ್ನು ತಾನಾಗಿಯೇ ಹೋಯಿತು. ಗೆರೆ ಎಲ್ಲಿ ನಿಲ್ಲಬೇಕೋ ಅಲ್ಲೇ ನಿಂತಿತು. ನಾನು ಹಾಳೆಯ ಮೇಲೆ ಕೈ ಇಟ್ಟುಕೊಂಡು ಸುಮ್ನೆ ಕೂತುಬಿಟ್ಟೆ. ನಾಲ್ಕು ರಾತ್ರಿ ಪುಟ್ಟಿ. ಕಾರ್ಖಾನೆಗೆ ಹೋಗುವ ಮೊದಲು ಒಂದು ವಾರ ಪೆಟ್ಟಿಗೆ ತೆಗೆದಿದ್ದರೆ! ಅಷ್ಟು ಹೊತ್ತಿಗೆ ಆ ಜಾಗಕ್ಕೆ ಬೇರೆಯವರು ಬಂದಿದ್ದರು.

ನನ್ನ ಗೆರೆಯೂ ನಿನ್ನ ಹಲ್ಲೂ ಒಂದೇ ಅಲ್ಲ, ಗೊತ್ತು. ನೀನು ಕೊರೆಯುವಾಗ ಅರ್ಧ ಮಿಲಿಮೀಟರ್ ತಪ್ಪಿದರೂ ತಪ್ಪೇ. ಮೂರು ಸಲ ಮಾತ್ರ ಕೂರಬಹುದು, ಪ್ರತಿ ಸಲ ಸಾವಿರಾರು ಡಾಲರು. ನಾನು ಏನು ಹೇಳಿದರೂ ಹೊರಗಿನವನ ಮಾತು. ಆದರೂ ಕೇಳುತ್ತೇನೆ, ನಿನ್ನ ಏರೋಟರ್ ಈಗ ಎಲ್ಲಿದೆ? ಊರಿನಿಂದ ಒಯ್ದ ಇನ್‌ಸ್ಟ್ರುಮೆಂಟುಗಳ ಚೀಲ ಬಿಚ್ಚಿದ್ದೀಯಾ? ಬಾಡಿಗೆಗೆ ಬೊಂಬೆ, ಮೇಜು ಕೊಟ್ಟು ಅಭ್ಯಾಸ ಮಾಡಿಸುವವರು ಟೊರಾಂಟೊ ಕಡೆ ಇದ್ದಾರೆ ಎಂದು ನೀನೇ ಒಮ್ಮೆ ಹೇಳಿದ್ದೆ. ದುಡ್ಡು ಜಾಸ್ತಿ ಅಂತ ಸುಮ್ಮನಾದೆ. ನನ್ನ ಪೆನ್ಶನ್ ಪಾಲಿಸಿಯ ದುಡ್ಡು ಬಂದಿದೆ. ಬೇಡ ಅನ್ನಬೇಡ, ನಿನ್ನಪ್ಪನಿಗೂ ಹೇಳಬೇಕಾಗಿಲ್ಲ.

ಇನ್ನೊಂದು, ಮರೆಯುವ ಮೊದಲು. ಕರ್ನಾಟಕ ದಂತ ವೈದ್ಯ ಪರಿಷತ್ತಿನ ನಿನ್ನ ನೋಂದಣಿ ತಪ್ಪಿಹೋಗಲು ಬಿಡಬೇಡ. ರಿನ್ಯೂವಲ್‌ಗೆ ಇಲ್ಲಿಂದ ಓಡಾಡುವುದಿದ್ದರೆ ನಾನಿದ್ದೇನೆ. ಮೂಲ ಸರ್ಟಿಫಿಕೇಟುಗಳನ್ನು ಎಲ್ಲ ಒಂದೇ ಚೀಲದಲ್ಲಿ ಇಡಬೇಡ. ನನ್ನವು ಕುವೈತಿನ ಕೋಣೆಯಲ್ಲೇ ಉಳಿದವು, ನಕಲು ತೆಗೆಸಲು ಏಳು ತಿಂಗಳು ಅಲೆದೆ. ಇದು ನಿನಗೆ ಬೇಕಾದ ಮಾತೋ ಅಲ್ಲವೋ, ತೋಚಿದ್ದನ್ನು ಬರೆದೆ.

ನೀನು ಮೊದಲನೇ ವರ್ಷದಲ್ಲಿದ್ದಾಗ ರಜೆಗೆ ಬಂದು ನಮ್ಮ ಜಗುಲಿಯಲ್ಲಿ ಕೂತು ಮೇಣದ ತುಂಡಿನಲ್ಲಿ ಹಲ್ಲು ಕೆತ್ತುತ್ತಿದ್ದೆ. ನೆನಪಿದೆಯಾ? ಎಷ್ಟೋ ದವಡೆ ಹಲ್ಲು ಕೆಟ್ಟವು. ಒಂದು ದಿನ ಒಂದನ್ನು ತಂದು 'ಇದು ಸರಿ ಬಂತು ದೊಡ್ಡಪ್ಪ' ಎಂದು ನನ್ನ ಅಂಗೈಯಲ್ಲಿ ಇಟ್ಟೆ. ಆಗ ನಿನಗೆ ಕಲಿತ ಕೈ ಅಂತ ಒಂದಿರಲೇ ಇಲ್ಲ, ಮರೆಯುವುದಕ್ಕೆ. ಆ ಹಲ್ಲು ಇವತ್ತೂ ನನ್ನ ಡ್ರಾಯಿಂಗ್ ಪೆಟ್ಟಿಗೆಯಲ್ಲಿದೆ.

ಬರುವ ಭಾನುವಾರ ವಿಡಿಯೊ ಕಾಲ್ ಮಾಡುತ್ತೀಯಲ್ಲ, ಆಗ ಒಂದು ಮೇಣದ ತುಂಡು, ಒಂದು ಚಾಕು ಹಿಡಿದು ಕೂರು. ಮಾತಾಡಬೇಕಾಗಿಲ್ಲ. ಕೆಟ್ಟರೆ ಕೆಡಲಿ. ನಾನೂ ಇಲ್ಲಿ ಹಾಳೆ ಹಾಸಿಕೊಂಡು ಕೂತಿರುತ್ತೇನೆ.

ನಿನ್ನ,
ದೊಡ್ಡಪ್ಪ