ಚುಕ್ಕೆ ಕುದುರೆ: ಮೈಬಣ್ಣದ ಜೊತೆಗೆ ಕಣ್ಣನ್ನೂ ನೋಡಿ

ಮಾನ್ಯ ಸಂಪಾದಕರೇ,

ಚುಕ್ಕೆ ಮೈಯ ಕುದುರೆಗಳನ್ನು ಕುರಿತು ತಮ್ಮ ಪತ್ರಿಕೆಯ ಪುರವಣಿಯಲ್ಲಿ ಬಂದ ಸಚಿತ್ರ ಲೇಖನವನ್ನು ಆಸಕ್ತಿಯಿಂದ ಓದಿದೆ. ಮೈಯೆಲ್ಲ ಬೆಳ್ಳಗಿದ್ದು ಅಲ್ಲೊಂದು ಇಲ್ಲೊಂದು ಚುಕ್ಕೆಯಿರುವ ಕುದುರೆಯೇ ಸಂತಾನಕ್ಕೆ ಶ್ರೇಷ್ಠ ಎಂದು ಲೇಖಕರು ಬರೆದಿದ್ದಾರೆ. ಅಂಥ ಕುದುರೆಗೆ ಕತ್ತಲಲ್ಲಿ ಕಣ್ಣು ಕಾಣುವುದಿಲ್ಲ ಎಂಬುದನ್ನು ಮಾತ್ರ ಎಲ್ಲಿಯೂ ಹೇಳಿಲ್ಲ. ಅದನ್ನು ಓದುಗರ ಗಮನಕ್ಕೆ ತರಲೆಂದೇ ಈ ಪತ್ರ.

ಮೊದಲಿಗೆ ಯಾವ ಚುಕ್ಕೆಯ ಮಾತು ಎಂಬುದು ಸ್ಪಷ್ಟವಾಗಬೇಕು. ಬೂದು ಕುದುರೆಯ ಮೈಮೇಲೆ ಕಾಣುವ ದುಂಡನೆಯ ಬಿಲ್ಲೆಗಳು ಬೇರೆ. ಬೂದು ಕುದುರೆ ಗಾಢ ಬಣ್ಣದಲ್ಲಿ ಹುಟ್ಟಿ ವಯಸ್ಸಾದಂತೆ ಬೆಳ್ಳಗಾಗುತ್ತದೆ, ಕೂದಲು ಬಿಳುಪಾದರೂ ಒಳಗಿನ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಅಮೆರಿಕದ ಅಪ್ಪಲೂಸಾ, ಡೆನ್ಮಾರ್ಕಿನ ನಾಬ್‌ಸ್ಟ್ರಪ್ಪರ್ ತಳಿಗಳಲ್ಲಿ ಕಾಣುವ ಚುಕ್ಕೆಗೆ ಲೆಪರ್ಡ್ ಕಾಂಪ್ಲೆಕ್ಸ್ ಎಂಬ ಹೆಸರಿದೆ, ಮತ್ತು ಅದರ ಗುರುತು ಕೂದಲಿಗಿಂತ ಮೊದಲು ಚರ್ಮದಲ್ಲೇ ಸಿಗುತ್ತದೆ. ಮೂತಿ, ಕಣ್ಣಿನ ಅಂಚು, ಬಾಲದ ಬುಡವನ್ನು ಹತ್ತಿರದಿಂದ ನೋಡಿದರೆ ಕಪ್ಪು ಚರ್ಮದ ಮೇಲೆ ಕಾಳು ಚೆಲ್ಲಿದಂತೆ ನಸುಗೆಂಪು ಮಚ್ಚೆಗಳು ಕಾಣುತ್ತವೆ. ಗೊರಸಿನಲ್ಲಿ ಮೇಲಿನಿಂದ ಕೆಳಕ್ಕೆ ಕಪ್ಪು ಬಿಳಿ ಗೆರೆಗಳಿರುತ್ತವೆ. ಕಣ್ಣಾಲಿಯ ಸುತ್ತ ಬಿಳಿ ಭಾಗ ಎದ್ದು ಕಾಣುತ್ತದೆ. ಮೈ ತೊಳೆದು ಕೂದಲು ಒದ್ದೆಯಾಗಿರುವಾಗ ನೋಡಿದರೆ ಕೆಲವು ಚುಕ್ಕೆಗಳ ಸುತ್ತ ನೀಲಿ ಛಾಯೆಯ ಬಳೆಯೊಂದು ತೋರುತ್ತದೆ: ಅಲ್ಲಿ ಕೂದಲು ಬಿಳಿಯಾಗಿದ್ದರೂ ಅಡಿಯ ಚರ್ಮ ಇನ್ನೂ ಕಪ್ಪು. ಉಳಿದ ಬಿಳಿ ಭಾಗದಲ್ಲಿ ಚರ್ಮವೂ ಬಹುಮಟ್ಟಿಗೆ ನಸುಗೆಂಪಾಗಿರುತ್ತದೆ.

ಇದಕ್ಕೆಲ್ಲ ಕಾರಣ ಟಿಆರ್‌ಪಿಎಂ1 ಎಂಬ ಒಂದು ವಂಶವಾಹಿ. ಅದರೊಳಗೆ 1,378 ಬೇಸ್ ಜೋಡಿಗಳಷ್ಟು (ಡಿಎನ್‌ಎಯ ಉದ್ದವನ್ನು ಅಳೆಯುವ ಘಟಕ) ಉದ್ದದ, ವೈರಸ್ ಮೂಲದ ಡಿಎನ್‌ಎ ತುಣುಕೊಂದು ಸೇರಿಕೊಂಡು ವಂಶವಾಹಿಯ ಕೆಲಸಕ್ಕೆ ಅಡ್ಡಿ ಮಾಡಿರುವುದನ್ನು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿಕೊಟ್ಟಿತು. ಈ ಬದಲಾವಣೆ ತಂದೆ ತಾಯಿಗಳಲ್ಲಿ ಒಬ್ಬರಿಂದ ಮಾತ್ರ ಬಂದರೆ ಬಿಳಿಯ ನಡುವೆ ಚುಕ್ಕೆಗಳು ಧಾರಾಳವಾಗಿರುತ್ತವೆ. ಇಬ್ಬರಿಂದಲೂ ಬಂದರೆ ಚುಕ್ಕೆಗಳು ಬಹುತೇಕ ಅಳಿಸಿಹೋಗುತ್ತವೆ. ಬಿಳಿ ಎಷ್ಟು ಹರಡಬೇಕೆಂಬುದನ್ನು ಬೇರೆ ವಂಶವಾಹಿಗಳು ನಿರ್ಧರಿಸುವುದರಿಂದ ಕಣ್ಣಳತೆಯಲ್ಲಿ ಮೋಸಹೋಗುವುದು ಸುಲಭ. ಆದರೆ ಟಿಆರ್‌ಪಿಎಂ1 ಬಣ್ಣಕ್ಕಷ್ಟೇ ಸಂಬಂಧಿಸಿದ್ದಲ್ಲ. ಅಕ್ಷಿಪಟಲದಲ್ಲಿ ಮಂದ ಬೆಳಕನ್ನು ಗ್ರಹಿಸುವ ಕೋಶಗಳಿಂದ ಸಂಕೇತವನ್ನು ಮುಂದಕ್ಕೆ ದಾಟಿಸುವುದಕ್ಕೂ ಅದೇ ಬೇಕು. ತಂದೆಯಿಂದ ಬಂದದ್ದು, ತಾಯಿಯಿಂದ ಬಂದದ್ದು ಹೀಗೆ ಈ ವಂಶವಾಹಿಯ ಎರಡು ಪ್ರತಿಯೂ ಕೆಟ್ಟಿರುವ ಕುದುರೆಯಲ್ಲಿ ಆ ಸಂಕೇತ ದಾಟುವುದೇ ಇಲ್ಲ. ಹೀಗಾಗಿ ಅದು ಹುಟ್ಟಿನಿಂದಲೇ ಇರುಳುಗುರುಡು. ವಯಸ್ಸಿನೊಂದಿಗೆ ಹೆಚ್ಚುವುದಿಲ್ಲ, ಚಿಕಿತ್ಸೆಯಿಂದ ಹೋಗುವುದೂ ಇಲ್ಲ.

ಹಗಲಿನಲ್ಲಿ ಇಂಥ ಕುದುರೆ ಉಳಿದವುಗಳಂತೆಯೇ ಓಡಾಡಿಕೊಂಡಿರುತ್ತದೆ. ಕತ್ತಲಾಗುತ್ತಿದ್ದಂತೆ ಲಾಯದ ಬಾಗಿಲಲ್ಲಿ ನಿಂತುಬಿಡುತ್ತದೆ, ಕತ್ತನ್ನು ಮೇಲೆತ್ತಿ ಆಚೀಚೆ ಹೊರಳಿಸುತ್ತದೆ, ಪರಿಚಿತ ದಾರಿಯಲ್ಲೂ ಬೇಲಿಗೆ ತಾಗುತ್ತದೆ, ಪಕ್ಕಕ್ಕೆ ಯಾರಾದರೂ ಬಂದರೆ ಬೆಚ್ಚಿಬೀಳುತ್ತದೆ. ನೋಡಿದವರು ಅದನ್ನು ಮೊಂಡು ಎನ್ನುತ್ತಾರೆ, ಲಗಾಮು ಜಗ್ಗುತ್ತಾರೆ, ಚಾಟಿ ಎತ್ತುತ್ತಾರೆ. ಕಣ್ಣು ಕಾಣದ ಪ್ರಾಣಿಯನ್ನು ಅದು ಹೆದರಿದ್ದಕ್ಕಾಗಿ ಹೊಡೆಯುವುದಕ್ಕಿಂತ ದೊಡ್ಡ ಅನ್ಯಾಯ ಲಾಯದಲ್ಲಿ ಇನ್ನೊಂದಿಲ್ಲ ಎಂದು ನಾನು ನಂಬಿದ್ದೇನೆ. ಲಾಯದಲ್ಲಿ ರಾತ್ರಿಯಿಡೀ ಸಣ್ಣ ದೀಪ ಉರಿಸುವುದು, ನೀರು ಮೇವುಗಳ ಜಾಗ ಬದಲಿಸದಿರುವುದು, ಮಬ್ಬುಗತ್ತಲಲ್ಲಿ ಸವಾರಿ ಮಾಡದಿರುವುದು, ಹತ್ತಿರ ಹೋಗುವ ಮುನ್ನ ದನಿ ಕೊಡುವುದು: ಇಷ್ಟು ಮಾಡಿದರೂ ಅದರ ಬದುಕು ಎಷ್ಟೋ ನೆಮ್ಮದಿಯದಾಗುತ್ತದೆ.

ಇದಲ್ಲದೆ, ಕಣ್ಣು ಮತ್ತೆ ಮತ್ತೆ ಕೆಂಪಾಗಿ ಉರಿಯೂತಕ್ಕೊಳಗಾಗಿ ಕೊನೆಗೆ ದೃಷ್ಟಿಯನ್ನೇ ಕಸಿಯುವ ಯುವೈಟಿಸ್ ರೋಗ ಅಪ್ಪಲೂಸಾಗಳಲ್ಲಿ ಬೇರೆ ತಳಿಗಳಿಗಿಂತ ಹಲವು ಪಟ್ಟು ಹೆಚ್ಚು. ನಸುಗೆಂಪು ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ಕಣ್ಣಿನ ಸುತ್ತಲಿನ ಅಂಥ ಚರ್ಮದಲ್ಲಿ ಕ್ಯಾನ್ಸರ್ ಹುಟ್ಟುವ ಅಪಾಯವೂ ಇದೆ.

ಈ ಚುಕ್ಕೆ ಇತ್ತೀಚಿನದೇನೂ ಅಲ್ಲ. ಫ್ರಾನ್ಸಿನ ಪೆಶ್ ಮೆರ್ಲ್ ಗುಹೆಯಲ್ಲಿ ಸುಮಾರು 25,000 ವರ್ಷಗಳ ಹಿಂದೆ ಬರೆದ ಚುಕ್ಕೆ ಕುದುರೆಗಳಿವೆ. ಅವು ಚಿತ್ರಕಾರರ ಕಲ್ಪನೆಯೇ ಇರಬೇಕೆಂದು ಹಲವರು ಭಾವಿಸಿದ್ದರು; ಆ ಕಾಲದ ಕುದುರೆಗಳ ಮೂಳೆಗಳಲ್ಲೂ ಈ ಬಣ್ಣದ ಗುರುತು ಇರುವುದನ್ನು 2011ರ ಪ್ರಾಚೀನ ಡಿಎನ್‌ಎ ಅಧ್ಯಯನ ತೋರಿಸಿತು. ಕಾಡು ಹಿಂಡಿನಲ್ಲಿ ಇರುಳುಗುರುಡಾಗಿ ಹುಟ್ಟಿದ ಮರಿ ಹೆಚ್ಚು ಕಾಲ ಬಾಳಿರಲಾರದು. ಅಂಥವನ್ನೇ ಆರಿಸಿ ಸಂತಾನಕ್ಕೆ ಬಳಸುತ್ತಿರುವವರು ನಾವು. ಬದಲಾದ ವಂಶವಾಹಿಯ ಎರಡು ಪ್ರತಿ ಹೊತ್ತ ಪೋಷಕ ಕುದುರೆಯಿಂದ ಹುಟ್ಟುವ ಪ್ರತಿ ಮರಿಯೂ ಆ ಬದಲಾವಣೆಯನ್ನು ಪಡೆಯುತ್ತದೆ ಎಂಬ ಖಾತರಿಯೇ ಅದರ ಬೆಲೆಯನ್ನು ಏರಿಸಿರುವುದು.

ಬೇರು ಸಮೇತ ಕಿತ್ತ ಜೂಲಿನ ಕೆಲವು ಕೂದಲುಗಳಿಂದಲೇ ಪ್ರಯೋಗಾಲಯದಲ್ಲಿ ಈ ವಂಶವಾಹಿಯ ಪರೀಕ್ಷೆ ನಡೆಯುತ್ತದೆ. ಚುಕ್ಕೆ ಕುದುರೆಯನ್ನು ಮಾರುವವರು ಆ ವರದಿಯನ್ನು ಕೈಗಿಡಬೇಕು, ಕೊಳ್ಳುವವರು ಕೇಳಿ ಪಡೆಯಬೇಕು. ಬದಲಾದ ವಂಶವಾಹಿಯ ಒಂದೇ ಪ್ರತಿ ಹೊತ್ತ ಎರಡು ಕುದುರೆಗಳನ್ನು ಕೂಡಿಸಿದರೆ ನಾಲ್ಕರಲ್ಲಿ ಒಂದು ಮರಿ ಇರುಳುಗುರುಡಾಗುವ ಸಂಭವವಿದೆ. ಅದರ ಬದಲು ಒಂದೇ ಪ್ರತಿಯ ಚುಕ್ಕೆ ಕುದುರೆಯನ್ನು ಈ ಬದಲಾವಣೆ ಇಲ್ಲದ ಒಂದೇ ಬಣ್ಣದ ಕುದುರೆಯೊಂದಿಗೆ ಕೂಡಿಸಿದರೆ ಸರಾಸರಿ ಅರ್ಧದಷ್ಟು ಮರಿಗಳಿಗೆ ಚುಕ್ಕೆಯ ವಂಶವಾಹಿ ಬರುತ್ತದೆ, ಒಂದಕ್ಕೂ ಈ ಇರುಳುಗುರುಡು ಬರುವುದಿಲ್ಲ. ಉಳಿದರ್ಧ ಮರಿಗಳು ಚುಕ್ಕೆಯಿಲ್ಲದೆ ಹುಟ್ಟುತ್ತವೆ. ಅಷ್ಟನ್ನು ಒಪ್ಪಿಕೊಳ್ಳಲು ತಳಿ ಬೆಳೆಸುವವರು ಸಿದ್ಧರಾಗಬೇಕೆಂದು ನನ್ನ ಕಳಕಳಿಯ ವಿನಂತಿ.

ಇಂತಿ,
ತಮ್ಮ ಪತ್ರಿಕೆಯ ಓದುಗ