ಅಪ್ಪನ ಟೇಪುಗಳನ್ನು ಉಳಿಸಿಕೊಡಿ

ನಮಸ್ಕಾರ.

ನಮ್ಮ ಮನೆಯ ಅಟ್ಟದ ಮೇಲೆ ಮುನ್ನೂರಕ್ಕೂ ಜಾಸ್ತಿ ಕ್ಯಾಸೆಟ್‌ಗಳಿವೆ. ಕೆಲವದರಲ್ಲಿ ರೈಲು, ಕೆಲವದರಲ್ಲಿ ಹಾಡು. ಇನ್ನು ಕೆಲವದರಲ್ಲಿ ಎ ಬದಿಗೆ ರೈಲು, ಬಿ ಬದಿಗೆ ಅಮ್ಮ. ಎಲ್ಲವೂ ಅಪ್ಪ ಮಾಡಿಕೊಂಡ ರೆಕಾರ್ಡಿಂಗ್. ಅಪ್ಪ ತೀರಿಕೊಂಡು ಒಂದು ವರ್ಷವಾಯಿತು. ಟೇಪುಗಳೂ ಒಂದೊಂದಾಗಿ ಕೈಬಿಡುತ್ತಿವೆ. ಉಳಿದವನ್ನಾದರೂ ಕಾಪಾಡೋಣ ಅಂತ ಮನೆಯವರು, ಅವರ ಗೆಳೆಯರು ಸೇರಿ ಒಂದು ಸಣ್ಣ ಟ್ರಸ್ಟ್ ಮಾಡಿದ್ದೇವೆ. ಅದರ ಪರವಾಗಿ ನಿಮ್ಮ ಮುಂದೆ ಕೈಚಾಚುತ್ತಿದ್ದೇನೆ.

ಅಪ್ಪ ರೈಲ್ವೆ ನೌಕರರಾಗಿರಲಿಲ್ಲ, ಸಂಗೀತ ವಿದ್ವಾಂಸರೂ ಆಗಿರಲಿಲ್ಲ. ಲೆಕ್ಕ ಬರೆಯುವ ಕೆಲಸ ಅವರದು. ಕೆಲಸ ಮುಗಿದ ಕೂಡಲೇ ಮನೆ. ಹೋಮ್‌ವರ್ಕ್, ಅಜ್ಜಿಯ ಮಾತ್ರೆ, ಅಮ್ಮನ ಜೊತೆ ಒಂದು ಸುತ್ತು ನಡಿಗೆ, ಆಮೇಲೆ ಹಾರ್ಮೋನಿಯಂ. ರೈಲಿನ ಪುಸ್ತಕ ತೆಗೆಯುತ್ತಿದ್ದುದು ನಾವೆಲ್ಲ ಮಲಗಿದ ಮೇಲೆ. ಆದರೆ ರೈಲಿನ ಭಾಷೆ ಮಾತ್ರ ಇಡೀ ದಿನ ಮನೆಯಲ್ಲಿ ಓಡಾಡುತ್ತಿತ್ತು. ಬಚ್ಚಲುಮನೆಯ ಬಾಗಿಲಿಗೆ ಅವರೇ ಬರೆದ ಟೈಮ್‌ಟೇಬಲ್ ಅಂಟಿಸಿದ್ದರು. ನಾವು ಅಣ್ಣ ತಮ್ಮಂದಿರು ಜಗಳಕ್ಕೆ ನಿಂತರೆ, "ಇದು ಸಿಂಗಲ್ ಲೈನು. ಇಬ್ಬರಲ್ಲಿ ಒಬ್ಬರು ಲೂಪಿಗೆ ಹೋಗಿ, ಇನ್ನೊಬ್ಬರು ಪಾಸಾಗಲಿ" ಅನ್ನುತ್ತಿದ್ದರು. ಲೂಪು ಅಂದರೆ ಇನ್ನೊಂದು ಗಾಡಿಗೆ ದಾರಿ ಬಿಟ್ಟು ನಿಲ್ಲುವ ಪಕ್ಕದ ಹಳಿ. ಅಮ್ಮನ ಜೊತೆ ಮಾತು ಬೆಳೆದಾಗ ಲೂಪಿಗೆ ಹೋಗುತ್ತಿದ್ದುದು ಯಾವಾಗಲೂ ಅಪ್ಪನೇ.

ಅವರ ಮದುವೆಯಾದದ್ದು ಸೆಪ್ಟೆಂಬರ್ 15ಕ್ಕೆ. 1830ರಲ್ಲಿ ಲಿವರ್‌ಪೂಲ್–ಮ್ಯಾಂಚೆಸ್ಟರ್ ರೈಲು ಮಾರ್ಗ ಶುರುವಾದದ್ದೂ ಅದೇ ತಾರೀಖು. ದಿನ ಗೊತ್ತು ಮಾಡಿದ್ದು ಯಾರು ಅಂತ ಅಮ್ಮನಿಗೆ ಇವತ್ತಿಗೂ ಅನುಮಾನ.

ರೈಲು, ಸಂಗೀತ ಅಂತ ಎರಡು ಹುಚ್ಚು ಅವರಿಗಿತ್ತು ಎಂದು ಜನ ಹೇಳುತ್ತಾರೆ. ನನಗೆ ಹಾಗನ್ನಿಸಿಲ್ಲ. ಅವರಿಗಿದ್ದದ್ದು ಒಂದೇ ಹುಚ್ಚು, ಕೇಳಿಸಿಕೊಳ್ಳುವುದು.

ಹಳಿಗಳನ್ನು ಮೊದಲು ತುಂಡು ತುಂಡಾಗಿ ಜೋಡಿಸುತ್ತಿದ್ದರು. ನಡುವೆ ಸ್ವಲ್ಪ ಸಂದು ಬಿಡಲೇಬೇಕು. ಬಿಸಿಲಿಗೆ 30 ಡಿಗ್ರಿ ಏರಿದರೆ 13 ಮೀಟರ್ ಉದ್ದದ ಹಳಿ ಸುಮಾರು ನಾಲ್ಕೂವರೆ ಮಿಲಿಮೀಟರ್ ಬೆಳೆಯುತ್ತದೆ. ಆ ಸಂದಿನ ಮೇಲೆ ಚಕ್ರ ಹಾಯುವಾಗ ಬರುತ್ತಿತ್ತಲ್ಲ 'ಟಕಟಕ', ಅಪ್ಪ ಅದನ್ನು ತೊಡೆಯ ಮೇಲೆ ತಾಳ ಹಾಕುತ್ತಾ ಎಣಿಸುತ್ತಿದ್ದರು. 13 ಮೀಟರ್ ಹಳಿಯಾದರೆ ಸುಮಾರು 47 ಸೆಕೆಂಡಿನಲ್ಲಿ ಎಷ್ಟು ಸಂದು ದಾಟಿತೋ ಗಂಟೆಗೆ ಅಷ್ಟೇ ಕಿಲೋಮೀಟರ್ ವೇಗ. ನಾವು ಮಕ್ಕಳು ಅದನ್ನು ಮಂತ್ರ ಅಂದುಕೊಂಡಿದ್ದೆವು. ಬರೀ ಗುಣಾಕಾರ ಅಂತ ಗೊತ್ತಾದದ್ದು ಹೈಸ್ಕೂಲಿಗೆ ಬಂದ ಮೇಲೆ.

ಸ್ಟೀಮ್ ಇಂಜಿನ್ ಬಂದರಂತೂ ಮಾತೇ ಇಲ್ಲ. ಎರಡು ಸಿಲಿಂಡರಿನ ಇಂಜಿನ್‌ಗೆ ಚಕ್ರದ ಒಂದು ಸುತ್ತಿಗೆ ನಾಲ್ಕು ಉಸಿರು. ಮೂರು ಸಿಲಿಂಡರ್ ಇದ್ದರೆ ಆರು. ನಾಲ್ಕರಲ್ಲಿ ಒಂದು ಪೆಟ್ಟು ಮುಂಚೆ ಬಿದ್ದರೆ ಅಪ್ಪನ ಹುಬ್ಬು ಗಂಟಾಗುತ್ತಿತ್ತು. "ವಾಲ್ವ್ ಹೊಂದಿಸಿಲ್ಲ, ಲಯ ತಪ್ಪಿದೆ" ಅನ್ನುತ್ತಿದ್ದರು. ನಾನು ಹಾಡುವಾಗಲೂ ಅದೇ ಹುಬ್ಬು, ಅದೇ ಗಂಟು.

ಸೀಟಿಯ ವಿಷಯ ಇನ್ನೂ ಸೊಗಸು. ಗಾಡಿ ನಮ್ಮನ್ನು ದಾಟಿ ಹೋಗುವಾಗ ಸೀಟಿಯ ಸ್ವರ ಇಳಿಯುತ್ತದೆ, ಅಲ್ವಾ? ಇದಕ್ಕೆ ಕಾರಣವಾದ ತತ್ವವನ್ನು ಡಾಪ್ಲರ್ ಎಂಬ ಆಸ್ಟ್ರಿಯಾದ ವಿಜ್ಞಾನಿ 1842ರಲ್ಲಿ ಹೇಳಿದರು. 1845ರಲ್ಲಿ ಬಾಯ್ಸ್ ಬ್ಯಾಲೊಟ್ ಎಂಬ ಡಚ್ ವಿಜ್ಞಾನಿ ಅದನ್ನು ಪರೀಕ್ಷಿಸಲು ಉಟ್ರೆಕ್ಟ್ ಹತ್ತಿರ ಕಹಳೆ ಊದುವವರನ್ನು ರೈಲು ಹತ್ತಿಸಿದರು. ಹಳಿ ಪಕ್ಕದಲ್ಲಿ ಸಂಗೀತಗಾರರನ್ನೇ ನಿಲ್ಲಿಸಿ ಸ್ವರ ಗುರುತಿಸಲು ಹೇಳಿದರು. ಯಂತ್ರ ಇರಲಿಲ್ಲ, ಪಳಗಿದ ಕಿವಿಯೇ ಯಂತ್ರ. ಅಪ್ಪನಿಗೆ ಈ ಕಥೆ ಎಷ್ಟು ಸಲ ಹೇಳಿದರೂ ಸಾಲದು. ಕೊನೆಗೆ ತಮ್ಮ ಲೆಕ್ಕವನ್ನೂ ಸೇರಿಸುತ್ತಿದ್ದರು: ಗಂಟೆಗೆ 72 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿಯ ಸೀಟಿ ಎದುರಿಗೆ ಬರುವಾಗ ಚತುಶ್ರುತಿ ರಿಷಭ ಆಗಿದ್ದರೆ, ದಾಟಿದ ಮೇಲೆ ಷಡ್ಜ. ಹೆಚ್ಚುಕಡಿಮೆ ಸರಿಯಾಗಿ ಒಂದು ಸ್ವರ. ನಾನು ಕೂತು ಲೆಕ್ಕ ಹಾಕಿ ನೋಡಿದ್ದೇನೆ, ಸರಿಯಾಗಿದೆ.

ಈಗ ಹಳಿಗಳನ್ನು ಉದ್ದಕ್ಕೆ ಬೆಸೆಯುತ್ತಾರೆ. ಒಳ್ಳೆಯದೇ. ಪ್ರಯಾಣ ಹಗುರ, ಹಳಿ ಬಾಳಿಕೆ ಜಾಸ್ತಿ. ಆದರೆ ಆ ಟಕಟಕ ಇಲ್ಲ. ಸ್ಟೀಮ್ ಇಂಜಿನ್‌ನ ಉಸಿರು ಬಹುಪಾಲು ಕಡೆ ಮ್ಯೂಸಿಯಂ ಸೇರಿದೆ. ಸಿಗ್ನಲ್ ಕಂಬದ ಕೈ, ತಂತಿಯ ಎಳೆತಕ್ಕೆ ಬೀಳುವ ಸದ್ದನ್ನು ಕೇಳಿದ ಮಕ್ಕಳು ಎಷ್ಟು ಜನ ಸಿಕ್ಕಾರು? ಇಂಜಿನ್‌ಗಳ ಫೋಟೋ ಬೇಕಾದಷ್ಟಿವೆ. ಸದ್ದು ಹಿಡಿದಿಟ್ಟವರು ಕಡಿಮೆ.

ಒಂದು ಟೇಪಿನ ಬಗ್ಗೆ ಹೇಳಲೇಬೇಕು. ಮೊದಲು 'ಟಿಂ' ಅಂತ ಟ್ಯೂನಿಂಗ್ ಫೋರ್ಕಿನ ಸದ್ದು, ಬಡಿದಾಗಲೆಲ್ಲ ಒಂದೇ ಸ್ವರ ಕೊಡುವ ಲೋಹದ ಕವೆ ಅದು. ಅಪ್ಪ ಪ್ರತಿ ಟೇಪನ್ನೂ ಹಾಗೇ ಶುರು ಮಾಡುತ್ತಿದ್ದರು. ಆಮೇಲೆ ಪಿಸುಮಾತಿನಲ್ಲಿ ತಾರೀಖು. ಅವತ್ತು ಒಂದು ಮಾರ್ಗದಲ್ಲಿ ಕೊನೆಯ ಸ್ಟೀಮ್ ಗಾಡಿ. ಅಪ್ಪ ಮೂರು ಗಂಟೆ ಮುಂಚೆಯೇ ಹೋಗಿ ಬೆಂಚಿನ ಮೇಲೆ ರೆಕಾರ್ಡರ್ ಇಟ್ಟು ಕೂತಿದ್ದರು. ಜೊತೆಗೆ ನಾನು, ಐದು ವರ್ಷ. ಸಿಗ್ನಲ್ ಬೀಳುತ್ತದೆ, ಖಟಾರ್. ದೂರದಲ್ಲಿ ಸೀಟಿ. ಆಗ ನನ್ನ ಧ್ವನಿ: "ಅಪ್ಪಾ, ಅರ್ಜೆಂಟು." ಒಂದು ಕ್ಷಣ ಮೌನ. "ಬಾ ಪುಟ್ಟಾ." ಚಪ್ಪಲಿಯ ಸದ್ದು ದೂರವಾಗುತ್ತದೆ. ಇಂಜಿನ್ ಹತ್ತಿರ ಬರುತ್ತದೆ, ಬೆಂಚು ನಡುಗುತ್ತದೆ, ನಾಲ್ಕು ನಾಲ್ಕಾಗಿ ಉಸಿರು ಬಿಡುತ್ತಾ ಪೂರ್ತಿ ಗಾಡಿ ದಾಟಿ ಹೋಗುತ್ತದೆ. ಅಷ್ಟು ಸ್ವಚ್ಛವಾದ ರೆಕಾರ್ಡಿಂಗ್ ಅವರ ಬಳಿ ಇನ್ನೊಂದಿಲ್ಲ. ಮತ್ತೆ ಚಪ್ಪಲಿ. ನಾನು ಕೇಳುತ್ತೇನೆ, "ಹೋಯ್ತಾ?" ಅಪ್ಪ ಹೇಳುತ್ತಾರೆ, "ಹೋಯ್ತು ಬಿಡು. ಕೈ ತೊಳ್ಕೊಂಡ್ಯಾ?"

ಆ ಗಾಡಿಯನ್ನು ಅಪ್ಪ ಕಣ್ಣಿಂದ ನೋಡಲೇ ಇಲ್ಲ. ಒಂದು ಸಲವೂ ಅದನ್ನು ಎತ್ತಿ ಆಡಲಿಲ್ಲ. ಟೇಪ್ ಕೇಳುವವರೆಗೆ ನನಗೆ ನೆನಪೂ ಇರಲಿಲ್ಲ.

ಕ್ಯಾಸೆಟ್ ಅಂದರೆ ಪ್ಲಾಸ್ಟಿಕ್ ಪಟ್ಟಿಯ ಮೇಲೆ ಅಂಟಿನಿಂದ ಹಿಡಿದಿಟ್ಟ ಕಾಂತೀಯ ಪುಡಿ, ಅಷ್ಟೇ. ತೇವ ತಗುಲಿದರೆ ಅಂಟು ಸಡಿಲವಾಗುತ್ತದೆ, ಪುಡಿ ಉದುರುತ್ತದೆ. ಒಳಗಿನ ಪುಟಾಣಿ ಪ್ಯಾಡ್ ಬಿದ್ದುಹೋದರೆ ಸದ್ದು ಮಂಕು. ಈಗಾಗಲೇ ಹತ್ತಿಪ್ಪತ್ತು ಟೇಪುಗಳಲ್ಲಿ ಬರೀ ಸುಯ್ ಅನ್ನುವ ಸದ್ದು ಉಳಿದಿದೆ.

ಮೊದಲು ನಾವೇ ಅವಸರಪಟ್ಟೆವು. ಅಗ್ಗವಾಗುತ್ತದೆ ಅಂತ ಒಂದು ಕಡೆ ಕೆಲವು ಟೇಪುಗಳನ್ನು ಕೊಟ್ಟೆವು. ವಾಪಸ್ ಬಂದ ಫೈಲಿನಲ್ಲಿ ಅಮ್ಮನ ಧ್ವನಿ ಯಾಕೋ ಚಿಕ್ಕ ಹುಡುಗಿಯ ಧ್ವನಿ. ಎಲ್ಲರೂ "ಆಗ ವಯಸ್ಸು ಕಮ್ಮಿ, ಅದಕ್ಕೇ" ಅಂದುಕೊಂಡೆವು. ಅಮ್ಮ ಮಾತ್ರ ಒಪ್ಪಲಿಲ್ಲ: "ನನ್ನ ಶ್ರುತಿ ಇದಲ್ಲ." ಆಗ ಟ್ಯೂನಿಂಗ್ ಫೋರ್ಕ್ ನೆನಪಾಯಿತು. ಅಳೆದು ನೋಡಿದರೆ 440 ಹರ್ಟ್ಸ್ ಇರಬೇಕಾದದ್ದು 466. ಅರ್ಧ ಸ್ವರ ಮೇಲೆ. ಯಂತ್ರ ಜೋರಾಗಿ ಓಡಿತ್ತು. ಪ್ರತಿ ಟೇಪಿಗೂ 'ಟಿಂ' ಯಾಕೆ ಅಂತ ಅಪ್ಪನನ್ನು ನಾವು ಗೇಲಿ ಮಾಡುತ್ತಿದ್ದೆವು. ಯಾಕೆ ಅಂತ ಆಗ ತಿಳಿಯಿತು.

ಹಾಗಾಗಿ ಈ ಸಲ ಕೆಲಸ ಸರಿಯಾಗಿ ಆಗಬೇಕು. ನಿಮ್ಮ ದುಡ್ಡಿನಿಂದ ಮೊದಲು ಮಾಡುವುದು ಒಳ್ಳೆಯ ಸ್ಥಿತಿಯ ಟೇಪ್ ಡೆಕ್ ಕೊಂಡು ರಿಪೇರಿ ಮಾಡಿಸುವುದು, ಟೇಪಿನ ಕೆಲಸ ಬಲ್ಲವರೊಬ್ಬರಿಗೆ ಸಂಬಳ ಕೊಡುವುದು. ಇದರಲ್ಲಿ ಅಡ್ಡದಾರಿ ಇಲ್ಲ. ಒಂದು ಗಂಟೆಯ ಟೇಪನ್ನು ವರ್ಗಾಯಿಸಲು ಒಂದು ಗಂಟೆ ಬೇಕೇ ಬೇಕು. ಅದಕ್ಕೆ ಮುಂಚೆ ಸ್ವಚ್ಛ ಮಾಡಬೇಕು, ಟೇಪ್ ಓದುವ ಹೆಡ್ಡಿನ ಕೋನ ಹೊಂದಿಸಬೇಕು, 'ಟಿಂ' ಕೇಳಿ ವೇಗ ಸರಿಮಾಡಬೇಕು. 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ಅಂದರೆ ತುಂಬ ಸೂಕ್ಷ್ಮವಾಗಿ, ಉಳಿಸಿದರೆ ಸ್ಟೀರಿಯೊ ಗಂಟೆಗೆ ಸುಮಾರು 2 ಜಿಬಿ ಜಾಗ. ಪ್ರತಿಯೊಂದಕ್ಕೂ ಮೂರು ಪ್ರತಿ, ಎಲ್ಲ ಒಂದೇ ಕಡೆ ಇಡುವುದಿಲ್ಲ.

ಎರಡನೆಯದು ಕಾಗದದ ಪೆಟ್ಟಿಗೆಗಳು. ಹಳೆಯ ಟೈಮ್‌ಟೇಬಲ್‌ಗಳು ಮುಟ್ಟಿದರೆ ಪುಡಿಯಾಗುವ ಹಾಗಿವೆ. ದಪ್ಪ ರಟ್ಟಿನ ಚಿಕ್ಕ ಟಿಕೆಟ್‌ಗಳೂ ಇವೆ. ನೋಡಿದವರಿಗೆ ಗೊತ್ತು, ಎರಡು ಬೆರಳಿನಷ್ಟು ಅಗಲ. ಅವಕ್ಕೆ ಎಡ್ಮಂಡ್ಸನ್ ಟಿಕೆಟ್ ಅಂತ ಹೆಸರು. ಪೀಠೋಪಕರಣ ಮಾಡುತ್ತಿದ್ದ ಥಾಮಸ್ ಎಡ್ಮಂಡ್ಸನ್ ಸ್ಟೇಷನ್ ಮಾಸ್ಟರ್ ಆದ ಮೇಲೆ, ಪ್ರತಿ ಟಿಕೆಟನ್ನೂ ಕೈಯಲ್ಲಿ ಬರೆದು ಸಾಕಾಗಿ, 1830ರ ದಶಕದ ಕೊನೆಗೆ ಸರಣಿ ಸಂಖ್ಯೆ ಹಾಕಿದ ಈ ರಟ್ಟಿನ ಟಿಕೆಟ್ ತಂದರು. ಅಪ್ಪನ ಬಳಿಯಿರುವ ಕೆಲವದರ ಹಿಂದೆ ಪೆನ್ಸಿಲಿನಲ್ಲಿ ರಾಗದ ಹೆಸರಿದೆ. ಆ ಪ್ರಯಾಣದಲ್ಲಿ ಗುನುಗಿಕೊಂಡದ್ದಿರಬೇಕು. ಇವಕ್ಕೆಲ್ಲ ಆಮ್ಲವಿಲ್ಲದ ಕಾಗದದ ಪೆಟ್ಟಿಗೆ ಬೇಕು.

ಮಿಕ್ಕ ಹಣದಲ್ಲಿ ಒಂದು ಕೋಣೆ. ಮಕ್ಕಳು ಬಂದು ಕೂತು ಕೇಳಬಹುದು, ಅಪ್ಪನ ಹಾರ್ಮೋನಿಯಂ ನುಡಿಸಬಹುದು. ಅದರ ತಿದಿಯಲ್ಲಿ ಗಾಳಿ ಸೋರುತ್ತಿದೆ, ರಿಪೇರಿ ಆಗಬೇಕು. ಪ್ರತಿಮೆ ಮಾಡಿಸುವುದಿಲ್ಲ, ಹೆಸರು ಕೆತ್ತಿದ ಕಲ್ಲೂ ಇಲ್ಲ. ಅಪ್ಪನಿಗೆ ಹಾರ ಹಾಕಿದ ಫೋಟೋ ಕಂಡರೇ ಆಗುತ್ತಿರಲಿಲ್ಲ.

ದುಡ್ಡು ಎಷ್ಟಾದರೂ ಸರಿ. ಟ್ರಸ್ಟಿನ ಖಾತೆಗೆ ಮಾತ್ರ ಹಾಕಿ, ಯಾರ ಕೈಗೂ ಕೊಡಬೇಡಿ, ನನ್ನ ಕೈಗೂ. ರಸೀದಿ ಬರುತ್ತದೆ. ಮೂರು ತಿಂಗಳಿಗೊಮ್ಮೆ ಖರ್ಚಿನ ಲೆಕ್ಕ ಕಳಿಸುತ್ತೇವೆ. ಲೆಕ್ಕದವರ ಮನೆ, ಅದರಲ್ಲಿ ಎಡವಟ್ಟಾದರೆ ಮರ್ಯಾದೆ ಹೋಗುತ್ತದೆ.

ದುಡ್ಡು ಕೊಡಲು ಆಗದವರು ಸುಮ್ನೆ ಬೇಜಾರು ಮಾಡಿಕೊಳ್ಳಬೇಡಿ. ನಿಮ್ಮಲ್ಲಿ ಓಡುವ ಟೇಪ್ ಡೆಕ್ ಮೂಲೆಯಲ್ಲಿ ಬಿದ್ದಿದ್ದರೆ ಕೊಡಿ. ಡ್ರೈವರ್, ಗಾರ್ಡ್, ಸಿಗ್ನಲ್ ಕೆಲಸ ಮಾಡಿ ನಿವೃತ್ತರಾದವರು ನಿಮಗೆ ಗೊತ್ತಿದ್ದರೆ ಕರೆದುಕೊಂಡು ಬನ್ನಿ. ಎಷ್ಟೋ ಟೇಪುಗಳ ಚೀಟಿ ಕಳಚಿ ಬಿದ್ದಿದೆ. ಯಾವ ಇಂಜಿನ್, ಏರು ಹತ್ತುತ್ತಿದೆಯೋ ಇಳಿಯುತ್ತಿದೆಯೋ ಅಂತ ಕೇಳಿ ಹೇಳುವವರು ಬೇಕು. ಆ 1845ರ ಹಾಗೆ, ಇಲ್ಲೂ ಪಳಗಿದ ಕಿವಿಯೇ ಗತಿ.

ಬರುವ ಸೆಪ್ಟೆಂಬರ್ 15ಕ್ಕೆ ಮೊದಲ ಐವತ್ತು ಟೇಪುಗಳು ಕೇಳಲು ಸಿಗಬೇಕು ಅಂತ ಆಸೆ. ದೇಣಿಗೆ ಜೊತೆ ಒಂದು ಸಾಲು ಬರೆಯಿರಿ, ಮೊದಲು ಯಾವುದನ್ನು ಕೇಳಲು ಇಷ್ಟ ಅಂತ. ಅವತ್ತು ಅದನ್ನೇ ಹಾಕೋಣ. ಆದರೆ ಶುರುವಿನ ಟೇಪ್ ಯಾವುದು ಅಂತ ಅಮ್ಮ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದಾರೆ. ನನ್ನ 'ಅರ್ಜೆಂಟು' ಇರುವುದೇ ಅಂತೆ. ನಾನು ಲೂಪಿನಲ್ಲಿ ನಿಂತಿದ್ದೇನೆ.